ಬರಿಗಾಲಿನ ಮೆಕ್ಯಾನಿಕ್ಕು

ತಣ್ಣಗಿರುವ ಗಾಡಿಯನ್ನು ಅವರು ಮುಟ್ಟುತ್ತಿರಲಿಲ್ಲ. ಹೊಸಬರು ಯಾರಾದರೂ ಬೆಳಗ್ಗೆ ಎದ್ದವರೇ ಬೈಕು ತಂದು ನಿಲ್ಲಿಸಿ ಗೇರು ಸರಿಯಾಗಿ ಬೀಳುತ್ತಿಲ್ಲ ಎಂದರೆ, ತಲೆಯನ್ನೂ ಎತ್ತದೆ "ಯಾವಾಗ?" ಎನ್ನುತ್ತಿದ್ದರು. ಬಿಸಿಯಾದ ಮೇಲೆ ಎಂಬ ಉತ್ತರ ಬಂದರೆ, "ಅಂಗಾದ್ರ ಬಿಸಿ ಮಾಡ್ಕಂಡು ಬಾ ಓಗು. ತಣ್ಣಗಿರೋ ಗಾಡಿ ಸುಳ್ಳು ಏಳ್ತದ" ಎಂದು ಮತ್ತೆ ತಮ್ಮ ಸ್ಪ್ಯಾನರಿನ ಕಡೆಗೆ ತಿರುಗಿಬಿಡುತ್ತಿದ್ದರು. ಬೇಜಾರು ಮಾಡಿಕೊಂಡು ಹೋದವರೂ ಇದ್ದರು. ಅವರಲ್ಲಿ ಹೆಚ್ಚಿನವರು ನಾಲ್ಕು ದಿನ ಬಿಟ್ಟು ವಾಪಸ್ ಬಂದರು.

ಅವರು ತೀರಿಕೊಂಡು ಎರಡು ತಿಂಗಳಾಯಿತು. ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ಅವರ ಹೆಂಡತಿಗೆ ಹಾಗೆಂದು ಮಾತು ಕೊಟ್ಟಿದ್ದೇನೆ. ನಾನೂ ಅವರನ್ನು ಹೆಸರು ಹಿಡಿದು ಕರೆದವನಲ್ಲ. ನನಗೆ ಅವರು 'ಯಜಮಾನ್ರು', ಅವರಿಗೆ ನಾನು 'ಆಸ್ಪತ್ರೆ ಸಾ'. ಆಸ್ಪತ್ರೆ ಸಾ ಎಂಬ ಆ ಕರೆಗೆ ನಾನು ಯೋಗ್ಯನಾಗಿ ನಡೆದುಕೊಂಡಿದ್ದರೆ ಇದನ್ನು ಬರೆಯುವ ಪ್ರಸಂಗ ಬರುತ್ತಿತ್ತೋ ಇಲ್ಲವೋ.

ನಾನು ಆರೋಗ್ಯ ಇಲಾಖೆಯವನು. ಊರು ಯಳಂದೂರಾದರೂ ತಿರುಗಾಟವೆಲ್ಲ ಹನೂರಿನ ಆಚೆಯ ಹಳ್ಳಿಗಳಲ್ಲಿ. ಸಕ್ಕರೆ ಕಾಯಿಲೆ, ಬಿ.ಪಿ. ಇರುವವರ ಪಟ್ಟಿ ಮಾಡುವುದು, ಮಾತ್ರೆ ತಲುಪಿಸುವುದು, ಕ್ಯಾಂಪುಗಳಲ್ಲಿ ಜನರನ್ನು ಸೇರಿಸುವುದು ನನ್ನ ಕೆಲಸ. ಏಳೆಂಟು ವರ್ಷದ ಕೆಳಗೆ ನನ್ನ ಬೈಕಿಗೆ ಒಂದು ವಿಚಿತ್ರ ರೋಗ ಹತ್ತಿಕೊಂಡಿತು. ಬೆಳಗ್ಗೆ ಮನೆಯಿಂದ ಹೊರಡುವಾಗ ಗೇರು ಬೆಣ್ಣೆಯ ಹಾಗೆ ಬೀಳುತ್ತಿತ್ತು. ಮಧ್ಯಾಹ್ನ ಹನೂರಿನಿಂದ ವಾಪಸ್ ಬರುವಾಗ, ಕಾಮಗೆರೆ ದಾಟುತ್ತಿದ್ದಂತೆ, ಮೂರರಿಂದ ಎರಡಕ್ಕೆ ಇಳಿಸಬೇಕಾದರೆ ಕಾಲಿನ ಬಲವನ್ನೆಲ್ಲ ಹಾಕಿ ತುಳಿಯಬೇಕು. ನ್ಯೂಟ್ರಲ್ ಅಂತೂ ಕೇಳಲೇಬೇಡಿ, ಎಷ್ಟು ಹುಡುಕಿದರೂ ಸಿಗದು. ಎರಡು ಕಡೆ ರಿಪೇರಿಗೆ ಬಿಟ್ಟೆ. ರಾತ್ರಿಯೆಲ್ಲ ಆರಿದ ಗಾಡಿಯನ್ನು ಬೆಳಗ್ಗೆ ಓಡಿಸಿ ನೋಡಿದವರು "ಏನೂ ಇಲ್ಲವಲ್ಲ ಸರ್" ಎಂದು ನನ್ನನ್ನೇ ಅನುಮಾನದಿಂದ ನೋಡಿದರು.

ಹಾಗೆ ಯಾರೋ ಹೇಳಿ, ನಮ್ಮೂರಿಗೂ ಕಾಮಗೆರೆಗೂ ನಡುವಿನ ಪೇಟೆಯಲ್ಲಿದ್ದ ಇವರ ಬಳಿಗೆ ಹೋದೆ. ಬೋರ್ಡಿಲ್ಲದ ಅಂಗಡಿ. ಮನೆಯ ಮುಂದಿನ ಜಗಲಿಗೆ ತಗಡು ಇಳಿಸಿಕೊಂಡಿದ್ದರು, ಅಷ್ಟೇ. ಒಳಗಿನ ಕೋಣೆಯಲ್ಲಿ ಅವರ ಹೆಂಡತಿ ಮಗ್ಗದವರಿಗೆ ರೇಷ್ಮೆ ನೂಲು ಸುತ್ತಿಕೊಡುತ್ತಿದ್ದರು. ರಾಟೆಯ ಸದ್ದು ಹೊರಗೂ ಕೇಳುತ್ತಿತ್ತು. ನನ್ನ ಪುರಾಣವನ್ನೆಲ್ಲ ಕೇಳಿಸಿಕೊಂಡು ಅವರು ಹೇಳಿದ್ದು ಒಂದೇ ಮಾತು. "ಕಾಮಗೆರೆ ಗಂಟ ಓಗ್ಬುಟ್ಟು ಬನ್ನಿ ಸಾ. ಅಲ್ಲಿ ಟೀ ಗೀ ಅಂತ ನಿಂತ್ಕಬ್ಯಾಡಿ. ನೀವು ಬಿಸಿ ಆಯ್ತೀರಿ, ಗಾಡಿ ತಣ್ಣಗಾಯ್ತದ."

ಸರ್ಕಾರಿ ಕೆಲಸದವನಿಗೆ ಇದೇನು ಆಜ್ಞೆ ಎಂದು ಸಿಟ್ಟು ಬಂತು. ಆದರೂ ಹೋಗಿ ಬಂದೆ. ಬಂದು ನಿಲ್ಲಿಸುವಷ್ಟರಲ್ಲಿ ಅವರು ಎದ್ದು ನಿಂತಿದ್ದರು. ಎಡಗಾಲಿನ ಚಪ್ಪಲಿ ಬಿಟ್ಟರು. ಗೋಡೆಗೆ ನೇತುಹಾಕಿದ್ದ ಒಂದು ಬಿಳಿ ಬಟ್ಟೆಯಿಂದ ಅಂಗಾಲನ್ನು, ಬೆರಳು ಸಂದಿಗಳನ್ನು ಒರೆಸಿಕೊಂಡರು. ಆ ಬಟ್ಟೆಯಲ್ಲಿ ಬೇರೇನನ್ನೂ ಒರೆಸುತ್ತಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಗಾಡಿ ಹತ್ತಿ, ಬರಿಗಾಲಿನ ಹೆಬ್ಬೆರಳನ್ನು ಗೇರಿನ ಕಡ್ಡಿಯ ಕೆಳಗಿಟ್ಟು ನಿಧಾನಕ್ಕೆ ಎತ್ತಿದರು, ಒತ್ತಿದರು. ಹಾಗೆ ಮಾಡುವಾಗ ಗಾಡಿಯನ್ನು ನೋಡುತ್ತಿರಲಿಲ್ಲ, ರಸ್ತೆಯಲ್ಲಿ ಹೋಗುವವರನ್ನು ಮಾತನಾಡಿಸುತ್ತಿದ್ದರು. ಇಂಜಿನ್ ಓಡುತ್ತಿರುವಾಗ ಒಮ್ಮೆ ಗೇರು ಹಾಕಿ ನೋಡಿದರು. ಆಫ್ ಮಾಡಿ, ಗಾಡಿಯನ್ನು ಹಿಂದಕ್ಕೂ ಮುಂದಕ್ಕೂ ಒಂದು ಗೇಣು ಆಡಿಸುತ್ತ ಇನ್ನೊಮ್ಮೆ ನೋಡಿದರು. ಇಳಿದು, "ಸೂ ಬಿಚ್ಚಿ ಸಾ" ಎಂದರು.

"ನಾನ್ಯಾಕೆ?"

"ನಿಮ್ ಕಾಲ್ಗ ಗೊತ್ತಾಗ್ದೆ ಇರೋ ಕಾಯ್ಲನ ನಾನು ಬಿಚ್ಚದಿಲ್ಲ. ಆಮ್ಯಾಕ ಸುಮ್ಕ ಬಿಚ್ಚಾಕ್ದ ಅನ್ತೀರಿ."

ಇದು ಅವರ ಅಂಗಡಿಯ ಕಟ್ಟಳೆ. ವಕೀಲರಾಗಲಿ, ಪೊಲೀಸರಾಗಲಿ, ಬೂಟು ಕಳಚಿ ಬರಿಗಾಲಲ್ಲಿ ಗೇರು ಹಾಕಿ ನೋಡಲೇಬೇಕು. ನಾನೂ ಕಾಲುಚೀಲ ಬಿಚ್ಚಿ ಹತ್ತಿದೆ. ಇಂಜಿನ್ ಓಡುವಾಗ ಕಡ್ಡಿ ಕಲ್ಲಿನ ಹಾಗಿತ್ತು. ಆಫ್ ಮಾಡಿ ಗಾಡಿ ಆಡಿಸಿದರೆ ಸಲೀಸಾಗಿ ಬಿತ್ತು. ಅವರು ವಿವರಿಸಿದರು. ಇಂಜಿನ್ ನಿಂತ ಮೇಲೆ ಸಲೀಸಾಗಿ ಬಿದ್ದರೆ ಗೇರಿನ ತಪ್ಪಿಲ್ಲ, ಕ್ಲಚ್ಚು ಪೂರ್ತಿ ಬಿಡುತ್ತಿಲ್ಲ. ಬಿಸಿಗೆ ಪ್ಲೇಟುಗಳು ಹಿಗ್ಗಿ ಒಂದಕ್ಕೊಂದು ಉಜ್ಜಿಕೊಳ್ಳುತ್ತವೆ. ನಿಂತ ಮೇಲೂ ಬೀಳದೆ ಕಚ್ಚಿದರೆ ಮಾತ್ರ ಒಳಗೆ ಕೈ ಹಾಕಬೇಕು. "ಆದ್ರ ಗಾಡಿ ಅಳ್ಳಾಡುಸ್ದೆ ನೋಡ್ಬ್ಯಾಡಿ. ನಿಂತ್ಕಂಡಿರೋ ಗಾಡೀಲಿ ಗೇರ್ ಚಕ್ರದ ಅಲ್ಲಿಗ್ ಅಲ್ಲು ಕೂಡದೆ ಒಳ್ಳೇ ಗೇರೂ ಕಚ್ತದ. ಪಾಪ, ಇಲ್ದಿರೋ ತಪ್ಪು ಅದ್ರ ಮ್ಯಾಲ ಬೀಳ್ತದ." ಆವತ್ತು ಪ್ಲೇಟು ಬದಲಾಯಿಸಿಕೊಟ್ಟರು. ವರ್ಷಗಟ್ಟಲೆ ಗಾಡಿ ತಕರಾರು ಮಾಡಲಿಲ್ಲ.

ಅವರ ಬಳಿ ಯಾರ ಕಳ್ಳಾಟವೂ ನಡೆಯುತ್ತಿರಲಿಲ್ಲ. ಒಬ್ಬ ಜವಳಿ ಅಂಗಡಿಯವನು ಕಾಮಗೆರೆಗೆ ಹೋಗಿಬರಲು ಸೋಮಾರಿತನಪಟ್ಟು, ಪಕ್ಕದ ಬೀದಿಯಲ್ಲಿ ಗಾಡಿ ನಿಲ್ಲಿಸಿ ಅರ್ಧ ಗಂಟೆ ಇಂಜಿನ್ ಉರಿಸಿ, ಬೆವರು ಒರೆಸಿಕೊಳ್ಳುವ ನಟನೆ ಮಾಡುತ್ತ ಬಂದ. ಇವರು ಇಂಜಿನ್ನಿನ ಹತ್ತಿರವೂ ಹೋಗಲಿಲ್ಲ. ಬಗ್ಗಿ ಹಿಂದಿನ ಟೈರಿಗೆ ಅಂಗೈ ಒತ್ತಿದರು. "ಏನ್ಲಾ, ಕಾಮಗೆರೆಗ ಗಾಡೀನ ಹೊತ್ಕಂಡು ಓಗಿದ್ದಾ? ಟೈರು ಮಂಜುಗಡ್ಡೆ ಆಗದಲ್ಲ" ಎಂದರು. ಸುತ್ತ ನಿಂತಿದ್ದವರೆಲ್ಲ ನಕ್ಕರು. ಆತನೂ ನಕ್ಕು, ಗಾಡಿ ತಿರುಗಿಸಿಕೊಂಡು ಹನೂರು ರಸ್ತೆ ಹಿಡಿದ.

ಅವರ ಎರಡು ಪಾದಗಳು ಒಬ್ಬನೇ ಮನುಷ್ಯನವು ಎಂದು ಹೇಳುವಂತಿರಲಿಲ್ಲ. ಬಲಗಾಲು ಎಲ್ಲ ಮೆಕ್ಯಾನಿಕ್ಕರ ಕಾಲಿನ ಹಾಗೆ ಒಡೆದು, ಕಪ್ಪಾಗಿ, ಹಿಮ್ಮಡಿಯಲ್ಲಿ ಗ್ರೀಸು ಕೂತಿರುತ್ತಿತ್ತು. ಎಡಗಾಲಿಗೆ ದಿನಾ ಹರಳೆಣ್ಣೆ. ಅಂಗಾಲು ಮಗುವಿನದರ ಹಾಗೆ ಮೆತ್ತಗಿತ್ತು. "ಏನ್ರೀ ಯಜಮಾನ್ರೇ, ಬಲಗಾಲೇನು ಪಾಪ ಮಾಡಿತ್ತು?" ಎಂದು ಒಮ್ಮೆ ಕೇಳಿದ್ದೆ. "ಅದು ಬ್ರೇಕ್ ತುಳಿಯಕ್ಕ ಸಾ. ತುಳಿಯಕ್ಕ ಬುದ್ದಿ ಯಾಕ ಬೇಕು?" ಎಂದರು. ಒಳಗಿನಿಂದ ಅವರ ಹೆಂಡತಿ, "ನಂಗ ಒಂದ್ ಬಾಟ್ಲಿ ಎಣ್ಣ ತಂದ್ಕೊಟ್ಟಿಲ್ಲ ಸಾ ಇಷ್ಟು ವರ್ಷದಲ್ಲಿ, ಆ ಕಾಲ್ಗ ಮಾತ್ರ ತಿಂಗ್ಳು ತಿಂಗ್ಳೂ" ಎಂದು ಕೂಗಿದರು. ಆ ಮಾತಿಗೆ ಅವರು ಮುಖ ಅರಳಿಸಿ ನಕ್ಕಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಕಳೆದ ವರ್ಷ, ವರ್ಷದ ಕೊನೆಯ ಹೊತ್ತಿಗೆ ಇರಬೇಕು, ಅವರು ಚಪ್ಪಲಿ ಬಿಡುವುದನ್ನು ನಿಲ್ಲಿಸಿದರು. ಗಾಡಿ ಬಂದರೆ "ನೀವೇ ನೋಡಿ ಏಳಿ" ಎನ್ನುತ್ತಿದ್ದರು. ಬಂದವರೇ ಬರಿಗಾಲಲ್ಲಿ ಗೇರು ಹಾಕಿ, ಹೀಗಾಗುತ್ತಿದೆ, ಹಾಗಾಗುತ್ತಿದೆ ಎಂದು ಹೇಳಬೇಕು. ಅವರು ಕೇಳಿಸಿಕೊಂಡು ಕೆಲಸ ಶುರು ಮಾಡುತ್ತಿದ್ದರು. ಮೊದಲಿನಿಂದಲೂ ಎಲ್ಲರ ಬೂಟು ಬಿಚ್ಚಿಸುತ್ತಿದ್ದ ಮನುಷ್ಯನಲ್ಲವೇ, ಯಾರಿಗೂ ಅದು ಹೊಸದೆನಿಸಲಿಲ್ಲ. ನನಗಂತೂ ಒಳಗೊಳಗೇ ಹೆಮ್ಮೆ. ಇಷ್ಟು ವರ್ಷ ಬಂದುಹೋದದ್ದಕ್ಕೆ ನನ್ನ ಕಾಲಿಗೂ ವಿದ್ಯೆ ಹತ್ತಿದೆ, ಅದಕ್ಕೇ ನನ್ನ ಮಾತು ನಂಬುತ್ತಾರೆ ಎಂದುಕೊಂಡೆ. ಹಳ್ಳಿ ಹಳ್ಳಿಯಲ್ಲಿ ಸಕ್ಕರೆ ಕಾಯಿಲೆಯವರನ್ನು ಸಾಲಾಗಿ ಕೂರಿಸಿ "ಅಂಗಾಲು ಜೋಮು ಹಿಡಿಯುತ್ತಾ? ಚಪ್ಪಲಿ ಜಾರಿದರೆ ಗೊತ್ತಾಗುತ್ತಾ?" ಎಂದು ಪ್ರಶ್ನೆ ಕೇಳುವ ಮನುಷ್ಯ ನಾನು. ಅವರಿಗೂ ಸಕ್ಕರೆ ಇರುವುದು ನನಗೆ ಗೊತ್ತಿತ್ತು. ಮಾತ್ರೆಯ ಚೀಟಿ ನೋಡಿದ್ದೆ. ಒಂದು ದಿನವೂ ಆ ಪ್ರಶ್ನೆಯನ್ನು ಅವರಿಗೆ ಕೇಳಲಿಲ್ಲ. ಹೋದಾಗಲೆಲ್ಲ ನನ್ನ ಕಣ್ಣು ಗಾಡಿಯ ಮೇಲೇ ಇರುತ್ತಿತ್ತು.

ಬೇಸಿಗೆಯಲ್ಲಿ ನನ್ನ ಗೇರು ಮತ್ತೆ ಕಚ್ಚತೊಡಗಿತು. ಮಾರನೆಯ ದಿನ ಹನೂರಿನ ಆಚೆ ಒಂದು ದೊಡ್ಡ ಕ್ಯಾಂಪು. ಗಾಡಿ ಇಲ್ಲದೆ ಆಗುವ ಮಾತಲ್ಲ. ಹನೂರಿನಿಂದ ಎಲ್ಲೂ ನಿಲ್ಲಿಸದೆ ಬಂದು ನೇರ ಅವರ ಮುಂದೆ ನಿಲ್ಲಿಸಿದೆ.

"ನೋಡಿ ಏಳಿ ಸಾ."

ಬೂಟು ಬಿಚ್ಚಿ ನೋಡಿದೆ. ಓಡುವಾಗ ಕಚ್ಚಿತು. ಆಫ್ ಮಾಡಿದೆ, ಕಡ್ಡಿ ಎತ್ತಿದೆ. ಆಗಲೂ ಕಚ್ಚಿತು.

"ಆಫ್ ಮಾಡಿದ್ರೂ ಕಚ್ತದೆ ಯಜಮಾನ್ರೇ."

"ದಿಟವಾ? ಸರ್ಯಾಗಿ ನೋಡಿದ್ರಾ?"

"ನೋಡಿದೆ. ಕಲ್ಲಿನ ಹಾಗಿದೆ."

ಅವರು ಒಂದು ಗಳಿಗೆ ತಮ್ಮ ಎಡಗಾಲನ್ನು ನೋಡಿಕೊಂಡರು. ಚಪ್ಪಲಿ ಬಿಟ್ಟು ತಾವೇ ಹತ್ತಿ ನೋಡುತ್ತಾರೇನೋ ಎಂದುಕೊಂಡೆ. ಚಪ್ಪಲಿ ಬಿಟ್ಟರು, ಆದರೆ ಗಾಡಿ ಹತ್ತಲಿಲ್ಲ. ಮಣೆ ಎಳೆದುಕೊಂಡು ಗಾಡಿಯ ಬಲಮಗ್ಗುಲಲ್ಲಿ ಕೂತು, ಬಿಸಿ ಎಣ್ಣೆಯನ್ನು ಇಳಿಸಿ, ಮುಚ್ಚಳದ ಬೋಲ್ಟುಗಳನ್ನು ಬಿಚ್ಚತೊಡಗಿದರು. ಗಾಡಿಯನ್ನು ಆಡಿಸಿ ನೋಡಬೇಕಿತ್ತು ಎಂಬುದು ನನಗೆ ನೆನಪಾಗಲೇ ಇಲ್ಲ. ಮೊದಲ ದಿನವೇ ಅವರು ಹೇಳಿಕೊಟ್ಟಿದ್ದ ಪಾಠ. ನಾಳೆಯ ಕ್ಯಾಂಪಿನ ಅವಸರದಲ್ಲಿ, ಇಲ್ಲದ ತಪ್ಪನ್ನು ನಾನು ಗೇರಿನ ಮೇಲೆ ಹೊರಿಸಿದ್ದೆ.

ನಾನು ಫೋನಿನಲ್ಲಿ ಯಾರಿಗೋ ಮಾತ್ರೆಯ ಡಬ್ಬಗಳ ಲೆಕ್ಕ ಹೇಳುತ್ತಿದ್ದೆ. ಮೂಗಿಗೆ ವಾಸನೆ ಬಡಿಯಿತು. ತಿರುಗಿ ನೋಡಿದರೆ ಅವರು ಎಂದಿನಂತೆ ಸ್ಪ್ಯಾನರು ತಿರುಗಿಸುತ್ತ, ಏನೋ ಗುನುಗುತ್ತ ಕೂತಿದ್ದಾರೆ. ಎಡಗಾಲನ್ನು ಗಾಡಿಯ ಕೆಳಗೆ ಚಾಚಿದ್ದಾರೆ. ಪಾದದ ಒಳಮಗ್ಗುಲು ಸೈಲೆನ್ಸರಿನ ಕೊಳವೆಗೆ ಒತ್ತಿಕೊಂಡಿದೆ.

"ಯಜಮಾನ್ರೇ, ಕಾಲು!"

ಅವರು ಕಾಲು ಎಳೆದುಕೊಂಡರು. ನೋವಿಗಲ್ಲ, ನಾನು ಕೂಗಿದ್ದಕ್ಕೆ. ಹೆಬ್ಬೆರಳ ಬುಡದಿಂದ ನಾಲ್ಕು ಬೆರಳಗಲ ಚರ್ಮ ಕೊಳವೆಯಲ್ಲೇ ಉಳಿದಿತ್ತು. ಹರಳೆಣ್ಣೆ ಹಚ್ಚಿ ಸಾಕಿದ ಕಾಲು. ಅವರು ಅದನ್ನು ಬೇರೆ ಯಾರದ್ದೋ ಸಾಮಾನಿನ ಹಾಗೆ ನೋಡಿದರು.

"ಎಷ್ಟು ದಿನದಿಂದ ಹೀಗೆ?"

"ಒಂದೈದಾರು ತಿಂಗ್ಳು ಸಾ. ಮೊದ್ಲು ಬೆರಳ ತುದಿ ಓಯ್ತು. ಆಮ್ಯಾಕ ಎಲ್ಲಾವ." ದನಿ ತಗ್ಗಿಸಿದರು. "ಯಾರ್ಗೂ ಅನ್ಬ್ಯಾಡಿ. ಕಾಲು ಸತ್ತೋಗದ ಅಂತ ಗೊತ್ತಾದ್ರ ಯಾರು ಬತ್ತಾರ ನನ್ತಾವ?"

ಅಷ್ಟರಲ್ಲಿ ಒಳಗೆ ರಾಟೆಯ ಸದ್ದು ನಿಂತಿತು. ಅವರ ಹೆಂಡತಿ ಬಾಗಿಲಿಗೆ ಬಂದರು. ಕೈಯಲ್ಲಿ ನೂಲಿನ ಎಳೆ ಹಾಗೇ ಇತ್ತು.

"ಏನದು ಸುಟ್ಟ ವಾಸ್ನ?"

ಅವರು ಬಿಳಿ ಬಟ್ಟೆಯನ್ನು ಎಳೆದು ಕಾಲಿನ ಮೇಲೆ ಹಾಕಿಕೊಂಡಿದ್ದರು. "ಕ್ಲಚ್ ಪ್ಲೇಟು ಕಣಮ್ಮಿ. ಸಾ ಗಾಡೀದು ಸುಟ್ಟೋಗದ" ಎಂದರು. ಆಕೆ ಗಂಡನನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ಹೌದಮ್ಮ," ಎಂದೆ. "ಕ್ಲಚ್ ಪ್ಲೇಟು."

ಆಕೆ ಒಳಗೆ ಹೋದರು. ರಾಟೆ ಮತ್ತೆ ತಿರುಗತೊಡಗಿತು.

ನನ್ನ ಬ್ಯಾಗಿನಲ್ಲಿ ಮುಲಾಮು, ಹತ್ತಿ, ಬ್ಯಾಂಡೇಜು ಎಲ್ಲ ಇದ್ದವು. ಗಾಡಿಯ ಮರೆಯಲ್ಲಿ ಕೂತು ಕಾಲು ಕಟ್ಟಿದೆ. ಈಗಲೇ ಆಸ್ಪತ್ರೆಗೆ ನಡೀರಿ ಎಂದು ಎಬ್ಬಿಸಬೇಕಾಗಿತ್ತು. ಆಟೋ ಕರೆದರೆ ಹತ್ತು ನಿಮಿಷದ ದಾರಿ. ನಾನು ಹಾಗೆ ಮಾಡಲಿಲ್ಲ. ಗಾಡಿ ಬಿಚ್ಚಿ ಬಿದ್ದಿತ್ತು, ನಾಳೆ ಕ್ಯಾಂಪಿತ್ತು. "ನಾಳೆ ಬೆಳಗ್ಗೆ ತಪ್ಪದೆ ತೋರಿಸಿ" ಎಂದೆ. "ಆಯ್ತು ಸಾ" ಎಂದರು. ಆ ಕಾಲಿನಲ್ಲೇ ಕೂತು, ಎದ್ದು, ಬಗ್ಗಿ, ಸಂಜೆಯವರೆಗೆ ನನ್ನ ಗಾಡಿಯ ಕೆಲಸ ಮಾಡಿದರು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ಕಾದೆ. ನಾಚಿಕೆಯಿಂದ ಬರೆಯುತ್ತಿದ್ದೇನೆ, ಕಾದೆ. ಒಳಗೆ ಏನೂ ಕೆಟ್ಟಿರಲಿಲ್ಲ. ಕ್ಲಚ್ಚಿನ ಕೇಬಲ್ಲು ಹಿಡಿಕೆಯ ಹತ್ತಿರ ಎಳೆ ಬಿಟ್ಟು ಸಡಿಲವಾಗಿತ್ತು, ಅಷ್ಟೇ. ಐದು ನಿಮಿಷದ ಕೆಲಸ. "ನೀವು ಅಳ್ಳಾಡುಸ್ದೆ ನೋಡ್ಬುಟ್ರಿ ಕಣ್ ಸಾ" ಎಂದು ನಕ್ಕರು. ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಎರಡು ವಾರ ನಾನು ಆ ಕಡೆ ಸುಳಿಯಲಿಲ್ಲ. ಫೋನು ಮಾಡಿದಾಗಲೆಲ್ಲ "ಒಣಗ್ತಾ ಅದ ಸಾ" ಎನ್ನುತ್ತಿದ್ದರು. ನಂಬಿದೆ, ನಂಬುವುದು ಸುಲಭವಾಗಿತ್ತು. ಮೂರನೆಯ ವಾರ ಹೋದಾಗ ಜಗಲಿಗೆ ಕಾಲಿಡುತ್ತಿದ್ದಂತೆ ವಾಸನೆಯಿಂದಲೇ ಗೊತ್ತಾಯಿತು. ಹೆಬ್ಬೆರಳು ಕಪ್ಪಗಾಗಿತ್ತು. ಅವರೇ ಬಟ್ಟೆ ಸುತ್ತಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ಹೆಂಡತಿಗೆ ಸ್ಪ್ಯಾನರು ಬಿದ್ದ ಗಾಯ ಎಂದು ಹೇಳಿಕೊಂಡು ದಿನ ದೂಡಿದ್ದರು. ಮೈಸೂರಿಗೆ ಕರೆದೊಯ್ದೆವು. ಮೊದಲು ಬೆರಳು ತೆಗೆದರು, ಆಮೇಲೆ ಪಾದ, ಕೊನೆಗೆ ಮೊಣಕಾಲಿನ ಕೆಳಗಿನಿಂದ.

ಅದಾದ ಮೇಲೆ ಅವರು ಜಗಲಿಯ ಮೇಲೆ ಒಂದು ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಗಾಡಿಗಳು ಬರುವುದು ನಿಂತಿತ್ತು. ಒಂದು ಮಧ್ಯಾಹ್ನ ನಾನು ಹೋದಾಗ ಮೋಟುಗಾಲನ್ನು ಸವರಿಕೊಳ್ಳುತ್ತ ಒಂದು ವಿಷಯ ಹೇಳಿದರು.

"ಸಾ, ನಗ್ಬ್ಯಾಡಿ. ಇಲ್ದೆ ಇರೋ ಕಾಲಲ್ಲಿ ಗೇರು ಸಿಗ್ತಾ ಅದ. ಹೆಬ್ಬೆಟ್ಟು, ಅದ್ರ ಪಕ್ಕದ ಬೆರಳು, ಎಲ್ಲಾ ಗೊತ್ತಾಯ್ತದ. ಇದ್ದಾಗ ಸತ್ತೋಗಿತ್ತು, ಕುಯ್ದಾಕಿದ್ಮ್ಯಾಲ ಜೀವ ಬಂದದ ನೋಡಿ."

ಕಾಲು ಕಳೆದುಕೊಂಡವರಿಗೆ ಹಾಗೆ ಅನ್ನಿಸುವುದುಂಟು, ನರಗಳ ಚೇಷ್ಟೆ ಅದು ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ. "ನಿಮ್ ಗಾಡಿ ಸ್ಟಾರ್ಟ್ ಮಾಡಿ ಸಾ ಒಸಿ" ಎಂದರು. ಮಾಡಿದೆ. ಕುರ್ಚಿಯಲ್ಲೇ ಕೂತು, ರಸ್ತೆಯ ಕಡೆ ನೋಡುತ್ತ, ಇಲ್ಲದ ಪಾದವನ್ನು ಎತ್ತಿದರು, ಒತ್ತಿದರು. ಮೋಟು ಅಷ್ಟಷ್ಟೇ ಅಲುಗುತ್ತಿತ್ತು. "ಚೆನ್ನಾಗದ" ಎಂದರು. ನಾನು ಗಾಡಿಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಗಾಯ ಮತ್ತೆ ಬಾಯಿ ಬಿಟ್ಟು, ಸೋಂಕು ಏರಿ, ಕೆಲವೇ ತಿಂಗಳಲ್ಲಿ ಅವರು ಹೋದರು.

ಈಗ ಕ್ಯಾಂಪುಗಳಲ್ಲಿ ನಾನು ಬರೀ ಪ್ರಶ್ನೆ ಕೇಳುವುದಿಲ್ಲ. ಎಲ್ಲರ ಚಪ್ಪಲಿ ಬಿಚ್ಚಿಸಿ, ಕಣ್ಣು ಮುಚ್ಚಿಸಿ, ಅಂಗಾಲಿಗೆ ಹತ್ತಿಯ ಎಳೆ ತಾಗಿಸಿ ನೋಡುತ್ತೇನೆ. ನಿಧಾನವಾಯಿತು ಎಂದು ಜೊತೆಯವರು ಗೊಣಗುತ್ತಾರೆ. ಗೊಣಗಲಿ. ಅದರಿಂದ ಹೋದ ಕಾಲು ಬರುವುದಿಲ್ಲ ಎಂಬುದು ನನಗೂ ಗೊತ್ತು.

ಅವರ ಹೆಂಡತಿ ಈಗ ಹೊನ್ನೂರಿನಲ್ಲಿ ತಮ್ಮನ ಮನೆಯಲ್ಲಿದ್ದಾರೆ. ಹೋದ ವಾರ ಹನೂರಿನಿಂದ ನೇರ ಅಲ್ಲಿಗೆ ಹೋದೆ. ಯಳಂದೂರು ದಾಟುವ ಹೊತ್ತಿಗೆ ಗೇರು ಮತ್ತೆ ಕಚ್ಚತೊಡಗಿತ್ತು. ಅವರು ಹಾಕಿಕೊಟ್ಟ ಕೇಬಲ್ಲೂ ಸಡಿಲಾಯಿತೇನೋ. ತೆಂಗಿನ ಮರದ ಕೆಳಗೆ ಗಾಡಿ ನಿಲ್ಲಿಸಿದೆ. ಆಕೆ ಹೊರಗೆ ಚಾಪೆ ಹಾಸಿದರು. ಅವರ ಬಗ್ಗೆ ಬರೆಯಬೇಕೆಂದಿದ್ದೇನೆ, ಆವತ್ತು ನಾನು ಆಡಿದ ಮಾತನ್ನೂ ಬರೆಯುತ್ತೇನೆ ಎಂದು ಹೇಳಿದೆ. ಆಕೆ ಬಿಸಿಗಾಡಿಯ ಕಡೆ ನೋಡಿದರು.

"ಬರೀರಿ ಸಾ. ಎಸ್ರು ಮಾತ್ರ ಆಕ್ಬ್ಯಾಡಿ, ಕಾಲಿನ್ ಇಸ್ಯ ಊರ್ಗ ಗೊತ್ತಾಗೋದು ಅವರ್ಗ ಇಷ್ಟ ಇರ್ನಿಲ್ಲ." ಚಾಪೆಯ ಅಂಚಿಗೆ ಕೂತು ಮುಂದುವರಿಸಿದರು. "ಮೂವತ್ತು ವರ್ಸ ಆ ಜಗಲಿ ಪಕ್ಕದಲ್ಲೇ ಕೂತು ನೂಲು ಸುತ್ತಿವ್ನಿ. ಕ್ಲಚ್ ಪ್ಲೇಟ್ ಸುಟ್ಟ ವಾಸ್ನ ನಂಗ ಗೊತ್ತಿಲ್ವಾ ಸಾ? ಅದಲ್ಲ ಅಂತ ಆವತ್ತೇ ಅನ್ನುಸ್ತು. ಅವರೊಬ್ರೇ ಅಂದಿದ್ರ ಬಟ್ಟ ಎತ್ತಿ ನೋಡ್ಬುಡ್ತಿದ್ದಿ. ಆಸ್ಪತ್ರೆಯೋರು ನೀವೂ ಔದು ಅಂದ್ರಲ್ಲ, ಅದ್ಕ ಒಳಕ್ಕೋದಿ."

ಸಿಟ್ಟಿನ ದನಿಯಾಗಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಅಷ್ಟೇ. "ಕೂತ್ಕಳಿ, ಟೀ ಕಾಯುಸ್ತೀನಿ" ಎಂದು ಎದ್ದು ಹೋದರು. ಲೋಟ ನನ್ನ ಕೈಗೆ ಬಂದು, ಅದನ್ನು ಕುಡಿದು ಮುಗಿಸುವಷ್ಟರಲ್ಲಿ ಬಹಳ ಹೊತ್ತಾಗಿತ್ತು. ನಮಸ್ಕಾರ ಹೇಳಿ ಗಾಡಿ ಹತ್ತಿದೆ. ಅದು ತಣ್ಣಗಾಗಿಬಿಟ್ಟಿತ್ತು. ಗೇರು ಒಂದಿಷ್ಟೂ ತಕರಾರಿಲ್ಲದೆ ಬಿತ್ತು.